ಘಟ್ಟ ಇಳಿಯುವುದು ಸುಲಭ, ಹಾಸನ ಮುಟ್ಟುವುದೇ ಕಷ್ಟ

ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಹಳ್ಳಿಗಳ ಅರಳಿಕಟ್ಟೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಈ ಸಲ ಧರ್ಮಸ್ಥಳಕ್ಕೆ ನಡೆಯುವವರು ಯಾರ್‍ಯಾರು, ಲಗೇಜಿಗೆ ಯಾರ ಗಾಡಿ, ಅಡುಗೆಗೆ ಯಾರು, ಹೊರಡುವುದು ಯಾವತ್ತು. ಮನೆಯಲ್ಲಿ ಉಳಿಯುವವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಆ ಚಾರ್ಮಾಡಿ ಘಾಟಿ ಹೆಂಗಪ್ಪಾ ಇಳೀತೀರಾ?

ಕೇಳಬೇಕಾದ ಪ್ರಶ್ನೆ ಅದಲ್ಲ. ಘಾಟಿಯಲ್ಲಿ ನೆರಳಿದೆ, ಇಳಿಜಾರಿದೆ, ಮಂಜುನಾಥ ಹತ್ತಿರವಾದ ಎಂಬ ಹುಮ್ಮಸ್ಸೂ ಇದೆ. ಕಾಲು ಕೆಡುವುದು ಅದಕ್ಕೂ ಎಷ್ಟೋ ಮೊದಲು, ಚನ್ನರಾಯಪಟ್ಟಣಕ್ಕೂ ಹಾಸನಕ್ಕೂ ನಡುವಿನ ಬೋಳು ಹೆದ್ದಾರಿಯಲ್ಲಿ, ಎರಡನೆಯ ದಿನದ ಮಧ್ಯಾಹ್ನವೋ ಮೂರನೆಯ ದಿನದ ಬೆಳಗ್ಗೆಯೋ. ಮೊದಲ ದಿನದ ಉಮೇದಿನಲ್ಲಿ ನಲವತ್ತು ಕಿಲೋಮೀಟರ್ ಎಳೆದವರು ಶಾಂತಿಗ್ರಾಮ ದಾಟುವ ಹೊತ್ತಿಗೆ ಕುಂಟುತ್ತಿರುತ್ತಾರೆ. ಅಲ್ಲಿಂದ ಮುಂದಿನದ್ದೆಲ್ಲ ಹರಕೆಯ ಬಲದ ಮೇಲೆ ನಡೆಯುವ ನಡಿಗೆ. ಕಾಲಿನ ಬಲ ಆಗಲೇ ಮುಗಿದಿರುತ್ತದೆ.

ನಾಗಮಂಗಲದ ಕಡೆಯಿಂದ ಧರ್ಮಸ್ಥಳ ಸುಮಾರು 220 ಕಿ.ಮೀ. ಬೆಂಗಳೂರಿನಿಂದ ಬರುವವರಿಗೆ ಇದು 300ರ ಆಸುಪಾಸು. ಅವರು ನೆಲಮಂಗಲ, ಕುಣಿಗಲ್, ಯಡಿಯೂರು ದಾಟಿ ಬೆಳ್ಳೂರು ಕ್ರಾಸ್ ಮುಟ್ಟುವಾಗ ಕಾಲು ಒಂದು ಹದಕ್ಕೆ ಬಂದಿರುತ್ತದೆ, ಇಲ್ಲವೇ ಪೂರ್ತಿ ಹದಗೆಟ್ಟಿರುತ್ತದೆ. ಹೊಣಕೆರೆಯವರಿಗೆ ಅಷ್ಟು ದೂರ ಉಳಿಯಿತು ಎನ್ನುವುದು ನಿಜ. ಆದರೆ ಕಾಲು ಪಳಗಿಸಿಕೊಳ್ಳಲು ಅವರಿಗೆ ಹಾದಿಯೇ ಇಲ್ಲ. ಹೊರಟ ಮಾರನೆಯ ದಿನವೇ ಹೆದ್ದಾರಿ. ಹಾಗಾಗಿ ಪಳಗಿಸುವ ಕೆಲಸ ಊರಲ್ಲೇ ಮುಗಿಯಬೇಕು.

ಅದಕ್ಕೆ ಮೇಲುಕೋಟೆಗಿಂತ ಒಳ್ಳೆಯ ಗರಡಿ ಬೇರೆ ಇಲ್ಲ. ಹೋಬಳಿಯ ಯಾವ ಮೂಲೆಯಿಂದ ಹೊರಟರೂ ಒಂದು ಹಗಲಿನೊಳಗೆ ನಡೆದು ಮುಟ್ಟಬಹುದಾದ ದೂರ. ಏರು ಇದೆ, ಇಳಿತ ಇದೆ, ಕೊನೆಯಲ್ಲಿ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲಿದೆ, ಹತ್ತಿ ಇಳಿದ ಮೇಲೆ ಪುಳಿಯೋಗರೆಯೂ ಇದೆ. ಯಾತ್ರೆಗೆ ಒಂದು ತಿಂಗಳು ಮೊದಲಿನಿಂದ ವಾರಕ್ಕೆ ಮೂರು ದಿನ ಏಳೆಂಟು ಕಿಲೋಮೀಟರ್ ನಡೆದು, ಕೊನೆಯ ಎರಡು ಭಾನುವಾರ ಮೇಲುಕೋಟೆಗೆ ಹೋಗಿ ಬಂದವರ ಪಾದಕ್ಕೂ ಸುಮ್ಮನೆ ಎದ್ದು ಹೊರಟವರ ಪಾದಕ್ಕೂ ವ್ಯತ್ಯಾಸ ಹಾಸನದಲ್ಲಿ ಗೊತ್ತಾಗುತ್ತದೆ. ಗದ್ದೆಯಲ್ಲಿ ದುಡಿಯುವವರಿಗೆ ಅಭ್ಯಾಸ ಯಾಕೆ ಎನ್ನುವುದುಂಟು. ಗದ್ದೆ ಬದುವಿನ ಮಣ್ಣು ಮೆತ್ತಗೆ, ಒಂದೊಂದು ಹೆಜ್ಜೆಯೂ ಒಂದೊಂದು ಥರ ಬೀಳುತ್ತದೆ. ಟಾರು ಕಲ್ಲಿನಂತೆ ಗಟ್ಟಿ. ದಿನಕ್ಕೆ ನಲವತ್ತು ಸಾವಿರ ಹೆಜ್ಜೆಯೂ ಒಂದೇ ಕೋನದಲ್ಲಿ, ಪಾದದ ಅದೇ ಜಾಗದ ಮೇಲೆ ಬೀಳುತ್ತದೆ. ನೇಗಿಲು ಹಿಡಿದ ಕಾಲಿಗೂ ಅದು ಹೊಸತೇ.

ಚಪ್ಪಲಿಯ ಪ್ರಶ್ನೆಗೆ ಹರಕೆ ಅಡ್ಡ ಬರುತ್ತದೆ. ಮಾತು ಬಿಡ ಮಂಜುನಾಥ ಎಂದು ಹೇಳಿಕೊಂಡು ಬಂದ ಸೀಮೆ ಇದು. ಬರಿಗಾಲಲ್ಲಿ ಬರುತ್ತೇನೆಂದು ಮಾತು ಕೊಟ್ಟವರನ್ನು ಯಾರೂ ತಡೆಯಲಾಗದು. ಹಾಗೆ ನಡೆಯುವವರನ್ನು ಗಮನಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಹತ್ತು ಗಂಟೆ ದಾಟಿದ ಮೇಲೆ ಅವರು ಟಾರಿನ ಮೇಲೆ ನಡೆಯುವುದಿಲ್ಲ, ಅಂಚಿನಲ್ಲಿ ಎಳೆದ ಬಿಳಿ ಪಟ್ಟೆಯ ಮೇಲೆ, ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗನಂತೆ, ಒಂದರ ಮುಂದೆ ಒಂದು ಪಾದ ಇಟ್ಟು ಸಾಗುತ್ತಾರೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಕಪ್ಪು ಟಾರು ಕುಡಿದುಕೊಳ್ಳುತ್ತದೆ. ಗಾಳಿಯ ಉಷ್ಣಾಂಶ 35 ಡಿಗ್ರಿ ಇರುವಾಗ ಟಾರಿನ ಮೈ 55–60 ಡಿಗ್ರಿ ಮುಟ್ಟಬಲ್ಲದು. ಬಿಳಿ ಪಟ್ಟೆ ಪಾದ ಉಳಿಸುತ್ತದೆ ಸರಿ, ಆದರೆ ಅದು ಇರುವುದು ಲಾರಿಯ ಚಕ್ರಕ್ಕೆ ಎರಡು ಅಡಿ ದೂರದಲ್ಲಿ. ಬರಿಗಾಲಿನವರು ಮಧ್ಯಾಹ್ನ ನಡೆಯಲೇಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ದಪ್ಪ ಹತ್ತಿಯ ಸಾಕ್ಸ್ ಹಾಕಿದರೆ ಹರಕೆ ಕೆಡುತ್ತದೆಯೇ ಎಂಬ ಚರ್ಚೆ ಪ್ರತಿ ತಂಡದಲ್ಲೂ ನಡೆಯುತ್ತದೆ. ಹೆಚ್ಚಿನವರು ಮೂರನೆಯ ದಿನಕ್ಕೆ ಕೆಡುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಮೊದಲ ದಿನವೇ ಬಂದರೆ ವಾಸಿ.

ಸಕ್ಕರೆ ಕಾಯಿಲೆ ಇರುವವರ ವಿಷಯ ಮಾತ್ರ ಚರ್ಚೆಯದಲ್ಲ. ಬಹಳ ವರ್ಷದ ಕಾಯಿಲೆಯಿಂದ ಪಾದದ ನರಗಳು ಸ್ಪರ್ಶ ಕಳೆದುಕೊಂಡಿದ್ದರೆ ಮುಳ್ಳು ಚುಚ್ಚಿದ್ದೂ ಚರ್ಮ ಸುಟ್ಟದ್ದೂ ಗೊತ್ತೇ ಆಗುವುದಿಲ್ಲ. ಸಂಜೆ ಸಾಕ್ಸ್ ಬಿಚ್ಚಿದಾಗಲೇ ರಕ್ತ ಕಾಣುವುದು. ಅಂಥವರು ಬರಿಗಾಲ ಹರಕೆ ಹೊರಬಾರದು. ಹೊತ್ತುಬಿಟ್ಟಿದ್ದರೆ ಊರಿನ ಗುಡಿಯ ಸುತ್ತ ತೀರಿಸಿ, ಹೆದ್ದಾರಿಗೆ ಬೂಟು ಹಾಕಿಕೊಂಡು ಬರಲಿ.

ಮಿಕ್ಕವರಿಗೆ ನಿಯಮ ಸುಲಭ: ಹೊಸ ಬೂಟು ಬೇಡ. ಸಂತೆಯಲ್ಲೋ ಷೋರೂಮಿನಲ್ಲೋ ತಂದ ಜೋಡಿ ಕನಿಷ್ಠ ನೂರು ಕಿಲೋಮೀಟರ್ ಊರಲ್ಲೇ ಸವೆದಿರಬೇಕು. ನಡೆದಂತೆ ಪಾದ ಊದುತ್ತದೆ, ಆದ್ದರಿಂದ ಒಂದು ಅಳತೆ ದೊಡ್ಡದೇ ಇರಲಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ಲಾದರೂ ಆದೀತು. ಹವಾಯಿ ಚಪ್ಪಲಿ ಆಗದು, ಅದನ್ನು ಬೆರಳಿನಿಂದ ಕಚ್ಚಿ ಹಿಡಿದು ನಡೆದೂ ನಡೆದೂ ಮೀನಖಂಡ ಹಿಡಿದುಕೊಳ್ಳುತ್ತದೆ.

ಇನ್ನು ಬೊಬ್ಬೆ. ಎದ್ದೇ ಏಳುತ್ತದೆ. ಬೆವರು, ಬಿಸಿ, ಉಜ್ಜಾಟ ಈ ಮೂರೂ ಸೇರಿದರೆ ಬೊಬ್ಬೆ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಅರ್ಧ ಗೆದ್ದಂತೆ. ಎರಡು ಗಂಟೆಗೊಮ್ಮೆ ಕೂತು ಬೂಟು ಬಿಚ್ಚಿ, ಸಾಕ್ಸ್ ಬದಲಿಸಿ, ಪಾದಕ್ಕೆ ಗಾಳಿ ಆಡಲು ಬಿಡಬೇಕು. ಹಿಮ್ಮಡಿಯಲ್ಲಿ ಬಿಸಿ ಚುರುಕು ಕಂಡ ಕೂಡಲೇ, ಅಂದರೆ ಬೊಬ್ಬೆ ಏಳುವ ಮೊದಲೇ, ಅಂಟುಪಟ್ಟಿ ಹಾಕಬೇಕು. ಮುಂದಿನ ಊರಲ್ಲಿ ನೋಡೋಣ ಎಂದು ತಳ್ಳಿದವರಿಗೆ ಮುಂದಿನ ಊರಲ್ಲಿ ನೀರು ತುಂಬಿದ ಗುಳ್ಳೆ ಸಿಗುತ್ತದೆ.

ಆಗ ತಂಡದ ಹಳಬರೊಬ್ಬರು ಸೂಜಿ-ದಾರ ತೆಗೆಯುತ್ತಾರೆ. ಸೂಜಿಯನ್ನು ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿ, ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸುತ್ತಾರೆ. ನೀರು ದಾರದ ಗುಂಟ ಸೋರಿ ಹೋಗುತ್ತದೆ, ಗುಳ್ಳೆ ಮತ್ತೆ ತುಂಬುವುದಿಲ್ಲ. ತಲೆಮಾರಿನಿಂದ ಬಂದ ಈ ಉಪಾಯಕ್ಕೆ ವೈದ್ಯರ ತಕರಾರು ಇರುವುದು ದಾರದ ಮೇಲೆ. ಅದೇ ದಾರದ ಗುಂಟ ಹೊರಗಿನ ಕೊಳೆ ಒಳಕ್ಕೂ ಹೋಗುತ್ತದೆ. ನೋಯದ ಸಣ್ಣ ಬೊಬ್ಬೆಯನ್ನು ಮುಟ್ಟಬಾರದು. ದೊಡ್ಡದಾಗಿ ಹೆಜ್ಜೆ ಊರಲು ಬಿಡದಿದ್ದರೆ ಪಾದ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮ ಕೀಳದೆ ಹಾಗೇ ಬಿಟ್ಟು, ಮುಲಾಮು ಹಚ್ಚಿ ಪಟ್ಟಿ ಕಟ್ಟಬೇಕು. ಸೂಜಿ ಇರಲಿ, ದಾರ ಬೇಡ. ತೊಡೆ ಸಂದಿ ಉಜ್ಜಿ ಕೆಂಪಾಗುವುದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಬೆಳಗ್ಗೆ ಹೊರಡುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿದರೆ ಬಾಯಿ ಬಿಡುವ ಸಂದರ್ಭವೂ ಬರುವುದಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡಿಹೋಗುತ್ತದೆ ಎನ್ನುವ ಮಾತಿದೆ. ಎಷ್ಟು ಬೇಗ ಓಡುತ್ತದೆ ಎನ್ನುವುದನ್ನು ಪಂಚಾಂಗ ನಿರ್ಧರಿಸುತ್ತದೆ. 2024ರಲ್ಲಿ ಹಬ್ಬ ಬಿದ್ದದ್ದು ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರುವರಿ 26ಕ್ಕೆ, 2026ರಲ್ಲಿ ಫೆಬ್ರುವರಿ 15ಕ್ಕೆ. ಅಧಿಕ ಮಾಸ ನಡುವೆ ಬರುವುದರಿಂದ 2027ರಲ್ಲಿ ಅದು ಮತ್ತೆ ಮಾರ್ಚ್ 6ಕ್ಕೆ ಜಿಗಿಯುತ್ತದೆ. ಈ ಮೂರು ವಾರದ ಅಂತರ ಮಂಡ್ಯ-ಹಾಸನದ ಬಯಲಲ್ಲಿ ಸಣ್ಣದಲ್ಲ. ಫೆಬ್ರುವರಿ ಮಧ್ಯದಲ್ಲಿ ಹನ್ನೊಂದು ಗಂಟೆಯವರೆಗೂ ನಡೆಯಬಹುದಾದ ಹಾದಿಯಲ್ಲಿ ಮಾರ್ಚ್ ಮೊದಲ ವಾರ ಒಂಬತ್ತೂವರೆಗೇ ನೆರಳು ಹುಡುಕಬೇಕಾಗುತ್ತದೆ. ಹೋದ ವರ್ಷದ ವೇಳಾಪಟ್ಟಿಯನ್ನೇ ಈ ವರ್ಷವೂ ಹಿಡಿದು ಹೊರಡುವ ತಂಡಗಳು ಎಡವುವುದು ಇಲ್ಲೇ.

ಪಂಚಾಂಗ ಇನ್ನೊಂದು ಗುಟ್ಟೂ ಹೇಳುತ್ತದೆ. ಶಿವರಾತ್ರಿ ಎಂದರೆ ಮಾಘ ಬಹುಳ ಚತುರ್ದಶಿ, ಅಮಾವಾಸ್ಯೆಯ ಹಿಂದಿನ ದಿನ. ಎಂಟು ದಿನ ಮೊದಲು ಹೊರಟವರಿಗೆ ಬೆಳಗಿನ ಜಾವ ನೆತ್ತಿಯ ಮೇಲೆ ಅರ್ಧ ಚಂದ್ರ ಇರುತ್ತಾನೆ. ದಿನದಿನಕ್ಕೆ ಸಣ್ಣಗಾಗಿ, ತಡವಾಗಿ ಹುಟ್ಟಿ, ಮೂಡಿಗೆರೆ ಮುಟ್ಟುವ ಹೊತ್ತಿಗೆ ಕುಡುಗೋಲಿನಷ್ಟಾಗಿ, ಘಾಟಿಯ ದಿನಕ್ಕೆ ಇಲ್ಲವೇ ಆಗುತ್ತಾನೆ. ಬಯಲಲ್ಲಿ ಟಾರ್ಚ್ ಇಲ್ಲದೆ ನಡೆದುಬಿಟ್ಟೆವು ಎಂಬ ಧೈರ್ಯವನ್ನು ಕಾಡಿಗೆ ತೆಗೆದುಕೊಂಡು ಹೋಗಬಾರದು.

ಹಾದಿಯ ವೇಳೆ ಹೀಗಿದ್ದರೆ ಒಳ್ಳೆಯದು: ನಾಲ್ಕು ಗಂಟೆಗೆ ಹೊರಡುವುದು, ಒಂಬತ್ತೂವರೆಯೊಳಗೆ 20 ಕಿ.ಮೀ. ಮುಗಿಸುವುದು, ನಾಲ್ಕರವರೆಗೆ ಮಲಗುವುದು, ಸಂಜೆ ಏಳರೊಳಗೆ ಇನ್ನು ಎಂಟೋ ಹತ್ತೋ. ದಿನಕ್ಕೆ 30 ಕಿ.ಮೀ. ಮೀರದಿದ್ದರೆ ಎಂಟು ದಿನಕ್ಕೆ ಧರ್ಮಸ್ಥಳ. ಆರು ದಿನದಲ್ಲೇ ಮುಟ್ಟಿದೆವು ಎಂದು ಹೇಳುವ ತಂಡ ಪ್ರತಿ ಊರಲ್ಲೂ ಒಂದಿರುತ್ತದೆ. ಆ ತಂಡದ ಎಷ್ಟು ಜನ ಕೊನೆಯ ಐವತ್ತು ಕಿಲೋಮೀಟರ್ ಲಗೇಜು ಗಾಡಿಯಲ್ಲಿ ಕೂತು ಬಂದರು ಎಂದು ಯಾರೂ ಕೇಳುವುದಿಲ್ಲ.

ಮಲಗುವ ಆರು ಗಂಟೆಯೇ ಈ ಯಾತ್ರೆಯ ಕಷ್ಟದ ಭಾಗ. ನಡೆಯುವುದು ಗೊತ್ತಿರುವ ಜನಕ್ಕೆ ನಿಲ್ಲುವುದು ಗೊತ್ತಿರುವುದಿಲ್ಲ. ಹಿಂದಿನ ತಂಡ ಮುಂದೆ ಹೋಯಿತು, ಇನ್ನೊಂದು ನಾಲ್ಕು ಕಿಲೋಮೀಟರಿಗೆ ಶಾಲೆ ಇದೆಯಂತೆ, ಅಲ್ಲಿ ಊಟ ಇದೆಯಂತೆ ಎನ್ನುತ್ತ ಹನ್ನೆರಡು ಗಂಟೆ ಬಿಸಿಲಿಗೆ ಇಳಿದವರೇ ಹೆಚ್ಚು.

ದಾರಿ ಆರಿಸಿಕೊಳ್ಳುವುದರಲ್ಲೂ ಬಿಸಿಲಿಗೆ ಒಂದಷ್ಟು ತಪ್ಪಿಸಿಕೊಳ್ಳಬಹುದು. ಬೆಳ್ಳೂರು ಕ್ರಾಸಿಗೆ ಹೋಗಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಕದಬಹಳ್ಳಿ, ಹಿರೀಸಾವೆ ಮೇಲೆ ಚನ್ನರಾಯಪಟ್ಟಣ. ಸಹಯಾತ್ರಿಗಳೂ ಅಲ್ಲೇ, ಅರವಟ್ಟಿಗೆಗಳೂ ಅಲ್ಲೇ. ಆದರೆ ರಸ್ತೆ ನಾಲ್ಕು ಪಥವಾದ ಮೇಲೆ ಹಳೆಯ ಸಾಲುಮರ ಹೋಯಿತು, ವಾಹನದ ವೇಗ ಹೆಚ್ಚಿತು. ಕಂಬದಹಳ್ಳಿ, ಶ್ರವಣಬೆಳಗೊಳದ ಕಡೆಯ ಒಳದಾರಿ ಹಿಡಿದರೆ ಗಂಗರ ಕಾಲದ ಪಂಚಕೂಟ ಬಸದಿ ಎಡತಾಕುತ್ತದೆ, ಗೊಮ್ಮಟ ದೂರದಿಂದಲೇ ಕಾಣುತ್ತಾನೆ, ಹುಣಸೆ ಹೊಂಗೆಯ ನೆರಳು ಅಲ್ಲಲ್ಲಿ ಸಿಗುತ್ತದೆ. ಎಲೆ ಉದುರಿಸಿದ ಹೊಂಗೆ ಈ ಹೊತ್ತಿಗೇ ಹೊಸ ಚಿಗುರು ತಳೆಯುತ್ತದೆ. ಅದರ ಬುಡದಲ್ಲಿ ಕೂರುವುದಕ್ಕೂ ಫ್ಲೆಕ್ಸ್ ಶಾಮಿಯಾನದ ಕೆಳಗೆ ಕೂರುವುದಕ್ಕೂ ಇರುವ ವ್ಯತ್ಯಾಸವನ್ನು ಮೈಯೇ ಹೇಳುತ್ತದೆ. ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣಕ್ಕೆ ಹನ್ನೆರಡು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಉದಯಪುರ, ಶಾಂತಿಗ್ರಾಮ, ಹಾಸನ. ಆ ಬಯಲನ್ನು ಮಾತ್ರ ತಪ್ಪಿಸಲಾಗದು. ಅದನ್ನು ಎರಡು ಬೆಳಗಿನ ಜಾವಕ್ಕೆ ಹಂಚಿಬಿಡುವುದು ಜಾಣತನ.

ಬೇರೆ ದೇಶಗಳಲ್ಲೂ ಇಂಥ ಯಾತ್ರೆಯ ಹಾದಿಗಳಿವೆ: ಸ್ಪೇನಿನ ಸ್ಯಾಂಟಿಯಾಗೊ ಹಾದಿ ಸುಮಾರು 780 ಕಿ.ಮೀ., ಜಪಾನಿನ ಶಿಕೊಕು ದ್ವೀಪದ 88 ಗುಡಿಗಳ ಸುತ್ತು ಸುಮಾರು 1,200 ಕಿ.ಮೀ. ಅಲ್ಲಿ ವರ್ಷವಿಡೀ ನಿಲ್ಲುವ ಗುರುತಿನ ಕಲ್ಲು, ಬಾಣದ ಗುರುತು, ತಂಗುಮನೆ ಇವೆ. ನಮ್ಮ ಹಾದಿಯ ಚೋದ್ಯವೆಂದರೆ ಅದು ವರ್ಷದಲ್ಲಿ ಹತ್ತು ದಿನ ಮಾತ್ರ ಇರುತ್ತದೆ. ಹೆದ್ದಾರಿಯ ಪಕ್ಕದ ಊರಿನವರು ಪೆಂಡಾಲು ಹಾಕಿ, ಹಂಡೆಯಲ್ಲಿ ಮಜ್ಜಿಗೆ ಪಾನಕ ಇಟ್ಟು, ಉಪ್ಪಿಟ್ಟು ಚಿತ್ರಾನ್ನ ಬಡಿಸಿ, ಕೆಲವು ಕಡೆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿ ಕಳಿಸುತ್ತಾರೆ; ಹಬ್ಬದ ಮಾರನೆಯ ದಿನ ಹೋಗಿ ನೋಡಿದರೆ ಅಲ್ಲಿ ಗೂಟದ ಗುಂಡಿಯೂ ಪೇಪರ್ ಲೋಟವೂ ಅಷ್ಟೇ. ಹಬ್ಬಕ್ಕೆ ತಿಂಗಳ ಮೊದಲೋ ಆಮೇಲೋ ಒಬ್ಬರೇ ಹೊರಡುವವರು ನೀರು, ಊಟ, ತಂಗುದಾಣ ಎಲ್ಲವನ್ನೂ ತಾವೇ ಗೊತ್ತುಮಾಡಿಕೊಳ್ಳಬೇಕು.

ಪುಕ್ಕಟೆ ಊಟಕ್ಕೂ ಒಂದು ಮಿತಿ ಬೇಕು. ಒಂದು ಪೆಂಡಾಲಿನ ಕೇಸರಿಬಾತು, ಮುಂದಿನದರ ಬಿಸಿಬೇಳೆಬಾತು, ಅದರ ಮುಂದಿನದರ ಕಲ್ಲಂಗಡಿ, ಬೇಡವೆಂದರೆ ಬೇಜಾರಾದಾರು ಎಂದು ಎಲ್ಲದಕ್ಕೂ ಕೈ ಒಡ್ಡಿದವರ ಹೊಟ್ಟೆ ಹಾಸನದೊಳಗೆ ಕೆಟ್ಟಿರುತ್ತದೆ. ಕತ್ತರಿಸಿ ಬಹಳ ಹೊತ್ತಾದ ಹಣ್ಣು, ಬಿಸಿಲಲ್ಲಿ ಕೂತ ಮೊಸರನ್ನ ಇವೆರಡನ್ನು ಬಿಡಲೇಬೇಕು. ಮನೆಯಿಂದ ಒಯ್ಯಲು ರಾಗಿ ಹುರಿಟ್ಟಿಗೆ ಸಾಟಿ ಇಲ್ಲ: ಬೆಲ್ಲ, ನೀರು ಬೆರೆಸಿದರೆ ಊಟ, ಕೆಡುವ ಮಾತಿಲ್ಲ, ತೂಕವೂ ಇಲ್ಲ. ಕಬ್ಬಿನ ಸೀಮೆಯವರ ಚೀಲದಲ್ಲಿ ಬೆಲ್ಲ ಹೇಗೂ ಇರುತ್ತದೆ.

ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ತಲೆತುಂಬ ಇರಬಾರದು, ಮಟ್ಟ ಮಾಡಿರಬೇಕು. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಈ ಮಾತನ್ನು ಹೆಂಗಸರಿಗೆ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಮರೆ ಸಿಗದ ಹೆದ್ದಾರಿಯಲ್ಲಿ ಶೌಚಕ್ಕೆ ಹೆದರಿ ಬೆಳಗ್ಗೆಯಿಂದ ನೀರೇ ಕುಡಿಯದೆ ನಡೆಯುವವರು ತಂಡದಲ್ಲಿ ಇದ್ದೇ ಇರುತ್ತಾರೆ. ಬಿಸಿಲ ಹೊಡೆತವೂ ಮೂತ್ರದ ಸೋಂಕೂ ಅವರನ್ನೇ ಮೊದಲು ಹಿಡಿಯುವುದು. ತಂಡದ ಮುಂದಾಳುಗಳು ಬ್ಯಾನರಿಗೆ ಖರ್ಚು ಮಾಡುವ ಮೊದಲು ಪೆಟ್ರೋಲ್ ಬಂಕು, ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ಎಲ್ಲೆಲ್ಲಿ ಶೌಚಾಲಯ ಇದೆ ಎಂದು ಬೈಕಿನಲ್ಲಿ ಒಂದು ಸುತ್ತು ಹೋಗಿ ಬರೆದುಕೊಂಡು ಬರುವುದು ಒಳ್ಳೆಯದು. ಎಂಟು ದಿನದ ಹಾದಿಗೆ ಒಂದು ದಿನದ ಕೆಲಸ.

ನಡೆಯುವವರಲ್ಲಿ ಯಾರಾದರೂ ತಡಬಡಾಯಿಸಿ ಮಾತಾಡಿದರೆ, ದಿಕ್ಕು ತಪ್ಪಿದವರಂತೆ ಕಂಡರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರೀ ಸುಸ್ತಲ್ಲ, ಬಿಸಿಲ ಹೊಡೆತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಬೇಕು; ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಕಾಲು ನೋವಿಗೆಂದು ದಿನಕ್ಕೆ ಮೂರು ಹೊತ್ತು ನೋವಿನ ಮಾತ್ರೆ ನುಂಗುವುದು ಇನ್ನೊಂದು ರೂಢಿ. ನೀರು ಬತ್ತಿದ ಮೈಗೆ ಆ ಮಾತ್ರೆ ಬಿದ್ದರೆ ಪೆಟ್ಟು ತಿನ್ನುವುದು ಮೂತ್ರಪಿಂಡ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ವಾಹನದ ಭಯ ಬಿಸಿಲಿನದಕ್ಕಿಂತ ಕಡಿಮೆಯದಲ್ಲ. ಬೆಳಗಿನ ಜಾವ ಮೂರರಿಂದ ಐದು ಪಾದಯಾತ್ರಿಗೆ ತಂಪು ಹೊತ್ತು, ಚಾಲಕನಿಗೆ ತೂಕಡಿಕೆಯ ಹೊತ್ತು. ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿ ಹಿಡಿದು, ಎದುರಿಗೆ ಬರುವ ವಾಹನ ಕಾಣುವಂತೆ ನಡೆಯಬೇಕು. ಸರ್ವಿಸ್ ರಸ್ತೆ ಇರುವ ಕಡೆ ಹೆದ್ದಾರಿಗೆ ಇಳಿಯಲೇಬಾರದು. ಒಬ್ಬರ ಹಿಂದೆ ಒಬ್ಬರು. ಬೆನ್ನಿಗೂ ಚೀಲಕ್ಕೂ ಮಿಂಚುವ ಸ್ಟಿಕ್ಕರ್. ಕತ್ತಲಲ್ಲಿ ಕಪ್ಪು ಬಟ್ಟೆ ಬೇಡ. ಬಿಳಿ ಪಂಚೆ, ಬಿಳಿ ಅಂಗಿಯ ಹಳೆಯ ಪದ್ಧತಿಯಲ್ಲಿ ಭಕ್ತಿಯ ಜೊತೆ ಇಷ್ಟು ವಿವೇಕವೂ ಇತ್ತು. ಲಗೇಜಿನ ಟಾಟಾ ಏಸ್ ಎಲ್ಲರಿಗಿಂತ ಹಿಂದೆ, ಇಂಡಿಕೇಟರ್ ಮಿನುಗಿಸುತ್ತ ಬರಬೇಕು. ಅದರ ಮೇಲಿನ ಧ್ವನಿವರ್ಧಕವನ್ನು ಮಾತ್ರ ಬೆಳಕು ಹರಿಯುವವರೆಗೆ ನಿಲ್ಲಿಸಿದರೆ ಪುಣ್ಯ. ಆ ಸದ್ದಿನಲ್ಲಿ ಹಿಂದಿನ ಲಾರಿಯ ಹಾರನ್ ಕೇಳುವುದಿಲ್ಲ, ಮಂಜುನಾಥನಿಗೂ ಆ ಹೊತ್ತಿನಲ್ಲಿ ಅಷ್ಟು ಸದ್ದು ಬೇಕಿರಲಾರದು.

ಹಾಸನ ದಾಟಿದರೆ ಹಾದಿಯ ಗುಣವೇ ಬದಲಾಗುತ್ತದೆ. ಹಗರೆ, ಆಮೇಲೆ ಬೇಲೂರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಯ ಈ ಊರಲ್ಲಿ ಅರ್ಧ ದಿನ ಕಾಲು ಚಾಚಿದರೆ ನಷ್ಟವಿಲ್ಲ, ಬಟ್ಟೆ ಒಗೆದು ಒಣಗಿಸಲೂ ಅದೇ ತಕ್ಕ ಜಾಗ. ಬೇಲೂರು ಬಿಟ್ಟ ಮೇಲೆ ಕಾಫಿ ತೋಟ. ಫೆಬ್ರುವರಿ-ಮಾರ್ಚಿನಲ್ಲಿ ಬೀಳುವ ಹೂಮಳೆಯಾಗಿ ಒಂಬತ್ತು-ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ಮಲ್ಲಿಗೆಯ ವಾಸನೆ ರಸ್ತೆಗೆ ನುಗ್ಗುತ್ತದೆ. ಲೆಕ್ಕ ಹಾಕಿ ಅದನ್ನು ಹಿಡಿಯಲಾಗದು, ಸಿಕ್ಕರೆ ಭಾಗ್ಯ. ಮೂಡಿಗೆರೆ, ಬಣಕಲ್ ಆದ ಮೇಲೆ ಕೊಟ್ಟಿಗೆಹಾರ. ಅಲ್ಲಿನ ನೀರುದೋಸೆ ತಿನ್ನದೆ ಮುಂದೆ ಹೋದವರು ಕಡಿಮೆ.

ಘಾಟಿಯನ್ನು ಹಗಲಲ್ಲೇ ಇಳಿಯಬೇಕು. ಆನೆಗಳ ಓಡಾಟ ಇರುವ ಕಾಡು ಅದು. ತಿರುವುಗಳಲ್ಲಿ ಬಸ್ಸು ಒಳಮಗ್ಗುಲಿಗೆ ಒತ್ತಿಕೊಂಡು ಬರುತ್ತದೆ, ಸರಿದು ನಿಲ್ಲಲು ಜಾಗ ಇರುವುದಿಲ್ಲ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ತಿಂಗಳುಗಟ್ಟಲೆ ಕೆಟ್ಟಿದ್ದ ರಸ್ತೆ ಇದೇ. ಇಳಿಯುವಾಗ ಹೆಬ್ಬೆರಳು ಬೂಟಿನ ಮೂತಿಗೆ ಬಡಿದೂ ಬಡಿದೂ ಉಗುರು ಕಪ್ಪಾಗುತ್ತದೆ. ಹಿಂದಿನ ರಾತ್ರಿ ಕೊಟ್ಟಿಗೆಹಾರದಲ್ಲಿ ಉಗುರು ಕತ್ತರಿಸಿ, ಬೆಳಗ್ಗೆ ದಾರವನ್ನು ಬಿಗಿಯಾಗಿ ಕಟ್ಟಿಕೊಂಡರೆ ಉಗುರು ಉಳಿಯುತ್ತದೆ. ಅಡ್ಡದಾರಿ ಎಂದು ಕಾಡಿಗೆ ಇಳಿಯಬಾರದು, ತರಗೆಲೆಯ ಮೇಲೆ ಕೂರಬಾರದು. ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಉಣ್ಣೆಯಿಂದ ಹರಡುವ ಈ ಜ್ವರ ಮೊದಲು ಪತ್ತೆಯಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಾದರೂ, 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲೇ ದೊಡ್ಡದಾಗಿ ಕಾಣಿಸಿಕೊಂಡಿತ್ತು. ಸಂಜೆ ಬಟ್ಟೆ ಕೊಡವಿ, ಸೊಂಟ, ಮಂಡಿ ಸಂದು, ಕಂಕುಳು ನೋಡಿಕೊಳ್ಳಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಕಾಡಿನ ಹಾದಿಯಲ್ಲಿ ನಡೆದು ಬಂದದ್ದನ್ನು ವೈದ್ಯರಿಗೆ ಹೇಳುವುದನ್ನು ಮರೆಯಬಾರದು.

ಈ ಕಡೆಯ ನಡಿಗೆ ಶಿವರಾತ್ರಿಗೇ ಮುಗಿಯುವುದಿಲ್ಲ. ಯುಗಾದಿಗೆ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಪರಸೆ. ಮಾದಪ್ಪನಿಗೂ ಈ ಸೀಮೆಗೂ ನಂಟು ಹಳೆಯದು. 2022ರ ಅಕ್ಟೋಬರಿನಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಸಂಗಮದಲ್ಲಿ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವಲ್ಲಿ, ಅವನ ಹೆಸರಿನಲ್ಲೇ ಕುಂಭಮೇಳ ನಡೆಯಿತು. ಬೆಟ್ಟದ ಹಾದಿ ಮಂಡ್ಯ, ಮಳವಳ್ಳಿ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ; ಕೊಳ್ಳೇಗಾಲದಿಂದಲೇ ಬೆಟ್ಟ 80 ಕಿ.ಮೀ. ಒಟ್ಟು ದೂರ ಧರ್ಮಸ್ಥಳಕ್ಕಿಂತ ಕಡಿಮೆ, ಬಿಸಿಲು ಹೆಚ್ಚು. ಯುಗಾದಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬಿದ್ದಾಗ ಹನೂರಿನ ಆಚೆಯ ಕಾಡು ಎಲೆ ಕಳಚಿ ನಿಂತಿರುತ್ತದೆ, ಮುತ್ತುಗದ ಹೂವು ಮಾತ್ರ ಕೆಂಪಗೆ. ಕಾಡಿದೆ, ನೆರಳಿಲ್ಲ. 2013ರಲ್ಲಿ ವನ್ಯಧಾಮವೆಂದು ಘೋಷಿಸಿದ ಕಾಡದು; ಕತ್ತಲಲ್ಲಿ ತಾಳಬೆಟ್ಟದ ಮೇಲಕ್ಕೆ ಹೆಜ್ಜೆ ಹಾಕುವುದು ಬೇಡ. ಯಾವ ಹಾದಿ ತೆರೆದಿದೆ, ಎಷ್ಟು ಹೊತ್ತಿನವರೆಗೆ ಎಂದು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೊರಡಬೇಕು. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಸ್ಟೀಲ್ ಬಾಟಲಿ ಇರಲಿ. ಮಾರ್ಚ್ ಕೊನೆಯಿಂದ ರೇವತಿ ಮಳೆ. ಸಂಜೆ ಗುಡುಗಿದರೆ ಒಂಟಿ ಮರದ ಕೆಳಗೆ ನಿಲ್ಲದೆ ಕಟ್ಟಡವೋ ಗಾಡಿಯೋ ಸೇರಿಕೊಳ್ಳಬೇಕು. ಉತ್ತರ ಕರ್ನಾಟಕದವರು ಇದೇ ಯುಗಾದಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ಹೋಗುವ ನಲ್ಲಮಲ ಕಾಡಿನ ಹಾದಿ ಇದರ ಎರಡು ಪಟ್ಟಿಗಿಂತ ಹೆಚ್ಚು ಉದ್ದ, ಬಿಸಿಲು ಇನ್ನೂ ಉಗ್ರ. ಮರಗಾಲು ಕಟ್ಟಿಕೊಂಡು ನಡೆಯುವವರೂ ಅವರಲ್ಲಿದ್ದಾರೆ.

ದೂರದ ಹಾದಿಗೆ ಮೈ ಒಗ್ಗದವರಿಗೆ ವೈರಮುಡಿ ಇದೆ. ಮಾರ್ಚ್-ಏಪ್ರಿಲ್‌ನಲ್ಲಿ ಬರುವ ಈ ಉತ್ಸವಕ್ಕೆ ವಜ್ರದ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಬರುತ್ತದೆ, ಚೆಲುವನಾರಾಯಣನ ಮುಡಿಗೇರುವುದು ರಾತ್ರಿಯೇ. 2025ರಲ್ಲಿ ಅದು ಏಪ್ರಿಲ್ 7ಕ್ಕೆ ಬಿದ್ದಿತ್ತು. ಶಿವರಾತ್ರಿಯ ಹಾದಿಗೆ ಇಲ್ಲದ ಅನುಕೂಲ ಇದಕ್ಕಿದೆ: ಶುಕ್ಲಪಕ್ಷದ ಬೆಳದಿಂಗಳು. ನಾಲ್ಕು ಗಂಟೆ ಇಳಿಹೊತ್ತಿಗೆ ಹೊರಟರೆ ಬಿಸಿಲೂ ತಾಗದು, ಟಾರ್ಚಿನ ಕೆಲಸವೂ ಅಷ್ಟಾಗಿ ಬೀಳದು. ಹತ್ತಿರದ ಊರಿನ ಮುದುಕರು, ಮಕ್ಕಳು ಹೀಗೆ ಹೋಗಿ ಬರಬಹುದು.

ಮತ್ತೆ ಧರ್ಮಸ್ಥಳದ ಹಾದಿಗೆ ಬಂದರೆ, ಚಾರ್ಮಾಡಿಯ ಕೆಳಗೆ ಕಕ್ಕಿಂಜೆ, ಮುಂಡಾಜೆ, ಉಜಿರೆ. ಕರಾವಳಿಯ ಸೆಕೆ ಅಲ್ಲಿಂದಲೇ ಮೈಗೆ ಅಂಟಿಕೊಳ್ಳುತ್ತದೆ. ಬಯಲಿನ ಒಣ ಬಿಸಿಲಿಗೆ ಒಗ್ಗಿದವರು ಬೆವರು ಆರದ ಈ ಸೆಕೆಗೆ ಕಂಗಾಲಾಗುತ್ತಾರೆ, ಅಲ್ಲಿ ನೀರು ಇನ್ನಷ್ಟು ಬೇಕು. ಉಜಿರೆಯಿಂದ ಧರ್ಮಸ್ಥಳ 9 ಕಿ.ಮೀ. ಮೊದಲು ನೇತ್ರಾವತಿಯ ಸ್ನಾನ. ಒಡೆದ ಬೊಬ್ಬೆ ಇರುವವರು ನೀರಿಗೆ ಇಳಿದು ಬಂದ ಕೂಡಲೇ ಪಾದ ಒರೆಸಿ ಹೊಸ ಪಟ್ಟಿ ಕಟ್ಟಿಕೊಳ್ಳಬೇಕು, ಯಾಕೆಂದರೆ ಮುಂದೆ ಇರುವುದು ಗಂಟೆಗಟ್ಟಲೆ ನಿಲ್ಲುವ ಸರತಿ, ನಡೆಯುವುದಕ್ಕಿಂತ ನಿಲ್ಲುವುದೇ ಪಾದಕ್ಕೆ ಭಾರ. ದರ್ಶನಕ್ಕೆ ಗಂಡಸರು ಅಂಗಿ ಬನಿಯನ್ ಕಳಚಬೇಕು. ಎಂಟು ದಿನ ಚೀಲದ ಪಟ್ಟಿ ಎಳೆದ ಹೆಗಲಿನ ಗುರುತು ಆ ಸಾಲಿನಲ್ಲಿ ಯಾರು ನಡೆದು ಬಂದವರು, ಯಾರು ಬಸ್ಸಿನಲ್ಲಿ ಬಂದವರು ಎಂದು ತೋರಿಸಿಬಿಡುತ್ತದೆ. ಆಮೇಲೆ ಅನ್ನಪೂರ್ಣ ಛತ್ರದ ಊಟ, ಅಹೋರಾತ್ರಿ ಜಾಗರಣೆ.

ಮರಳುವ ಬಸ್ಸಿಗೆ ಬೂಟು ಆಗಿಬರುವುದಿಲ್ಲ, ಪಾದ ಅಷ್ಟು ಊದಿರುತ್ತದೆ. ಚೀಲದ ತಳದಲ್ಲಿ ಒಂದು ಜೊತೆ ಸಡಿಲ ಹವಾಯಿ ಚಪ್ಪಲಿ ಇಟ್ಟುಕೊಂಡು ಬಂದಿದ್ದರೆ ಅದನ್ನು ಹೊರತೆಗೆಯುವ ಹೊತ್ತು ಇದೇ. ಕಿಟಕಿ ಪಕ್ಕದ ಸೀಟಿಗೆ ನೂಕುನುಗ್ಗಲು ಬೇಡ. ಕಾಲು ಚಾಚಲು ನಡುದಾರಿಯ ಪಕ್ಕದ ಸೀಟೇ ಒಳ್ಳೆಯದು. ಕೊಟ್ಟಿಗೆಹಾರ ಬಂದಾಗ ಯಾರಾದರೂ ಎಬ್ಬಿಸುತ್ತಾರೆ, ದೋಸೆಗೆ.